ಫೀಸು ಕಟ್ಟುವ ಮೊದಲು, ಪುಟ್ಟಿ

ಪ್ರೀತಿಯ ಪುಟ್ಟಿ,

ಈ ವಾರ ಪೂರ್ತಿ ನನಗೆ ನೈಟ್ ಡ್ಯೂಟಿ. ನೀನು ಬನಶಂಕರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಬಸ್ ಹತ್ತುವ ಹೊತ್ತಿಗೆ ನಾನಿನ್ನೂ ವಾರ್ಡಿನಲ್ಲಿರುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ ಅಮೆರಿಕದ ಆನ್‌ಲೈನ್ ಬಯೋಮೆಡಿಕಲ್ ಸೈನ್ಸ್ ಮಾಸ್ಟರ್ಸ್ ಬಗ್ಗೆ ಓದಿದೆ. ಬೇಡ ಅನ್ನುವುದಿಲ್ಲ. ಆದರೆ ನಿನ್ನ ಮನಸ್ಸಿನಲ್ಲಿರುವುದು ಡಾಕ್ಟರ್ ಆಗುವ ಆಸೆ ಅಲ್ವಾ? ಅದಕ್ಕೆ ಈ ಡಿಗ್ರಿ ಎಷ್ಟು ದೂರ ಜೊತೆಗೆ ಬರುತ್ತದೆ ಅಂತ ನೋಡಿಕೊಳ್ಳೋಣ.

ಅಲ್ಲಿ ಮೆಡಿಕಲ್ ಓದು ಶುರುವಾಗುವುದೇ ಒಂದು ಡಿಗ್ರಿ ಮುಗಿದ ಮೇಲೆ. ಡಿಗ್ರಿಯಲ್ಲಿ ಅಂಕ ಕಡಿಮೆ ಬಂದವರು ಇಂಥ ಮಾಸ್ಟರ್ಸ್ ಮಾಡಿ, ಮೆಡಿಕಲ್ ಓದು ನಮ್ಮಿಂದ ಆಗುತ್ತದೆ ಅಂತ ತೋರಿಸುತ್ತಾರೆ. ಅಲ್ಲಿನ ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್ ಬೇರೆ ಬರೆಯಬೇಕು. ಅಲ್ಲೂ ಈ ಡಿಗ್ರಿಯೊಂದರಿಂದ ಯಾರೂ ಡಾಕ್ಟರ್ ಆಗುವುದಿಲ್ಲ.

ನಮ್ಮಲ್ಲಿ ಎಂಬಿಬಿಎಸ್ ಬೇಕೆಂದರೆ ನೀಟ್ ಬರೆಯಲೇಬೇಕು. ಮಾಸ್ಟರ್ಸ್ ಆಗಿದೆ ಅಂತ ರಿಯಾಯಿತಿ ಇಲ್ಲ. ಅದೇ ಪಿಯುಸಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಅದೇ 720 ಅಂಕ. ಆದರೆ ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ವಯಸ್ಸಾಯ್ತು ಅಂತ ಸುಮ್ನೆ ಕೊರಗಬೇಡ.

ಇನ್ನೊಂದು ವಿಷಯ. ಆರೋಗ್ಯಕ್ಕೆ ಸೇರಿದ ಕೋರ್ಸುಗಳನ್ನು ಆನ್‌ಲೈನಿನಲ್ಲಿ ನಡೆಸಬೇಡಿ ಅಂತ ಯುಜಿಸಿ 2025ರಲ್ಲಿ ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಹೇಳಿತು. ಮೈಕ್ರೋಬಯಾಲಜಿ, ಬಯೋಟೆಕ್ನಾಲಜಿಯೂ ಅದರಲ್ಲಿವೆ. ನೀನು ನೋಡಿರುವುದು ಹೊರದೇಶದ ಡಿಗ್ರಿ, ನಿಜ. ಆದರೂ ನಾಳೆ ಇಲ್ಲಿ ಪಿಎಚ್‌ಡಿಗೋ ಲೆಕ್ಚರರ್ ಕೆಲಸಕ್ಕೋ ಅರ್ಜಿ ಹಾಕಿದಾಗ ಮಾನ್ಯತೆಯ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರವನ್ನು ಫೀಸು ಕಟ್ಟುವ ಮೊದಲೇ ಬರಹದಲ್ಲಿ ತೆಗೆದುಕೋ.

ಇಷ್ಟೆಲ್ಲ ಹೇಳಿದರೂ, ಆ ಕೋರ್ಸಿನ ಪಾಠಗಳ ಪಟ್ಟಿ ನೋಡಿ ನನಗೇ ಆಸೆಯಾಯಿತು. ಮೊನ್ನೆ ರಾತ್ರಿ ಡಯಾಲಿಸಿಸ್ ತಪ್ಪಿಸಿಕೊಂಡಿದ್ದ ಒಬ್ಬ ಅಜ್ಜ ಬಂದರು. ಕಾಲೆಲ್ಲ ಊದಿತ್ತು, ಎದ್ದು ನಿಲ್ಲಲು ಶಕ್ತಿ ಇರಲಿಲ್ಲ. ಇಸಿಜಿ ತೆಗೆದರೆ ಟಿ ಅಲೆಗಳು, ಅಂದರೆ ಪ್ರತಿ ಬಡಿತದ ಕೊನೆಯಲ್ಲಿ ಗೆರೆಯಲ್ಲಿ ಬರುವ ಉಬ್ಬುಗಳು, ಚೂಪಾಗಿ ಎದ್ದಿದ್ದವು. ರಕ್ತದಲ್ಲಿ ಪೊಟ್ಯಾಶಿಯಂ ಏರಿತ್ತು. ಡಾಕ್ಟರ್ ಹೇಳಿದಂತೆ ಕ್ಯಾಲ್ಸಿಯಂ ಗ್ಲುಕೋನೇಟ್ ನಿಧಾನವಾಗಿ ಕೊಟ್ಟೆವು. ಪೊಟ್ಯಾಶಿಯಂ ಅದರಿಂದ ಇಳಿಯುವುದಿಲ್ಲ, ಆ ಕ್ಯಾಲ್ಸಿಯಂ ಹೃದಯದ ಬಡಿತ ದಾರಿ ತಪ್ಪದಂತೆ ಕಾಯುತ್ತದೆ. ಆಮೇಲೆ ಕೊಡುವ ಇನ್ಸುಲಿನ್ ಪೊಟ್ಯಾಶಿಯಂ ಅನ್ನು ಜೀವಕೋಶದ ಒಳಕ್ಕೆ ತಳ್ಳುತ್ತದೆ. ಸಕ್ಕರೆ ಕುಸಿಯದಿರಲಿ ಅಂತ ಜೊತೆಗೆ ಗ್ಲೂಕೋಸ್. ನರ್ಸುಗಳಾದ ನಮಗೆ ಹೇಗೆ ಕೊಡಬೇಕು ಅಂತ ಮೊದಲು ಕಲಿಸಿದರು. ಯಾಕೆ ಅನ್ನುವುದನ್ನು ನಾನು ವಾರ್ಡಿನಲ್ಲಿ ಅವರಿವರನ್ನು ಕೇಳಿ ತಿಳಿದುಕೊಂಡೆ. ನಿನಗೆ ಅದನ್ನು ಕ್ರಮವಾಗಿ ಕಲಿಯುವ ಅವಕಾಶ ಸಿಕ್ಕರೆ ನನಗಿಂತ ಖುಷಿಪಡುವವರು ಯಾರಿದ್ದಾರೆ?

ಆದರೆ ಆ ಅಜ್ಜ ಅಷ್ಟು ಹೊತ್ತೂ ನನ್ನ ಕೈ ಬಿಡಲಿಲ್ಲ. ಅವರ ಬೆರಳು ತಣ್ಣಗಿತ್ತು, ನಡುಗುತ್ತಿತ್ತು. ಇದು ಲ್ಯಾಪ್‌ಟಾಪಿನಲ್ಲಿ ಬರುವುದಿಲ್ಲ ಪುಟ್ಟಿ. ಯಾವ ಕೋರ್ಸ್ ಸೇರಿದರೂ ವಾರಕ್ಕೊಮ್ಮೆಯಾದರೂ ಯಾವುದಾದರೂ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಇರುವ ಕೆಲಸ ಹುಡುಕಿಕೋ. ಅದು ನಿನಗೆ ಹಿಡಿಸುತ್ತದೋ ಇಲ್ಲವೋ ಅಂತ ಅಲ್ಲೇ ತಿಳಿಯುತ್ತದೆ.

ಕ್ಲಾಸ್ ಲೈವ್ ಇದೆಯಾ ಅಂತಲೂ ವಿಚಾರಿಸು. ನ್ಯೂಯಾರ್ಕಿನ ಸಂಜೆ 6 ಗಂಟೆ ಅಂದರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 4.30. ಆಮೇಲೆ ಆಫೀಸು ಬೇರೆ. ನಿದ್ದೆಗೆಟ್ಟು ಬದುಕುವುದು ಏನು ಅಂತ ನನಗೆ ಚೆನ್ನಾಗಿ ಗೊತ್ತು.

ಶುಕ್ರವಾರ ನನಗೆ ವೀಕ್ ಆಫ್. ಅಷ್ಟರಲ್ಲಿ ಡಾಕ್ಟರೇ ಆಗಬೇಕಾ, ರಿಸರ್ಚ್ ಕಡೆ ಹೋಗಬೇಕಾ ಅಂತ ಯೋಚಿಸು. ನೀಟ್ ಅಂದರೆ ಕೋಚಿಂಗಿಗೆ ಪಿಎಫ್‌ನಿಂದ ದುಡ್ಡು ತೆಗೆಯುತ್ತೇನೆ. ರಿಸರ್ಚ್ ಅಂದರೆ ಆ ಯೂನಿವರ್ಸಿಟಿಗೆ ಕೇಳಬೇಕಾದ್ದನ್ನೆಲ್ಲ ಇಬ್ಬರೂ ಕೂತು ಬರೆದು ಕಳಿಸೋಣ.

ನಿನ್ನ,
ಅಮ್ಮ