ಮೂರು ವರ್ಷ ನಂಬಿದ ಮನೆಗಳಿಗೆ

ನಮ್ಮ ಹುಡುಗಿಯರು ಜಿಲ್ಲಾ ಮಟ್ಟ ಗೆದ್ದು, ವಿಭಾಗ ಮಟ್ಟದ ಬಾಸ್ಕೆಟ್‌ಬಾಲ್ ಆಡಲು ಬೆಳಗಾವಿಗೆ ಹೋಗಿ ಬಂದರು. ಅಲ್ಲಿ ಸೆಮಿಫೈನಲ್‌ನಲ್ಲಿ ಸೋತರು. ಆದರೂ ಬಾಗಲಕೋಟೆಯ ನವನಗರದಲ್ಲಿ ಬಸ್ ಇಳಿದಾಗ ನೀವೆಲ್ಲ ಹಲಗಿ ಬಾರಿಸಿ ಬರಮಾಡಿಕೊಂಡಿರಿ. ಮುಂದಿನ ತಿಂಗಳಿಂದ ತಂಡದ ಮ್ಯಾನೇಜರ್ ಕೆಲಸ ನಾನು ಬಿಡುತ್ತಿದ್ದೇನೆ. ಅದಕ್ಕೂ ಮೊದಲು ಕೆಲವರಿಗೆ ಥ್ಯಾಂಕ್ಸ್ ಹೇಳಬೇಕು. ಎದುರಿಗೆ ಹೇಳಿದರೆ ‘ಇರ್ಲಿ ಬಿಡ್ರಿ’ ಅಂತ ಮಾತು ಹಾರಿಸಿಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯವರು ಅಮೆರಿಕದ ಜೆರ್ರಿ ಕೊಲಾಂಜೆಲೊ. ಬಾಗಲಕೋಟೆ ಹೆಸರನ್ನೂ ಅವರು ಕೇಳಿರಲಿಕ್ಕಿಲ್ಲ. 1968ರಲ್ಲಿ, 28ನೇ ವಯಸ್ಸಿಗೇ, ಫೀನಿಕ್ಸ್ ಸನ್ಸ್ ಎಂಬ ಹೊಸ ಬಾಸ್ಕೆಟ್‌ಬಾಲ್ ತಂಡದ ಜನರಲ್ ಮ್ಯಾನೇಜರ್ ಆದವರು. ಮುಂದೆ ಅದರ ಮಾಲೀಕರೂ ಆದರು. ನನಗೆ ದಾರಿ ತೋರಿಸಿದ್ದು ಅವರ ಆಮೇಲಿನ ಕೆಲಸ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪುರುಷರ ತಂಡ ಪೋರ್ಟೊ ರಿಕೊ ಎದುರು 73-92ರಿಂದ ಸೋತು, ಕೊನೆಗೆ ಕಂಚು ಹಿಡಿದು ಮನೆಗೆ ಬಂತು. ದೊಡ್ಡ ಆಟಗಾರರು ಎಷ್ಟೋ ಜನ ಬರಲ್ಲ ಅಂದಿದ್ದರು. ಬಂದವರಿಗೆ ಒಟ್ಟಿಗೆ ಆಡಿದ ರೂಢಿ ಇರಲಿಲ್ಲ. 2005ರಲ್ಲಿ ತಂಡ ಕಟ್ಟುವ ಹೊಣೆ ಕೊಲಾಂಜೆಲೊ ಕೈಗೆ ಬಂತು. ಅವರು ಆಟಗಾರರ ಎದುರು ಕೂತು, ಮೂರು ವರ್ಷ ತಂಡದ ಜೊತೆ ಇರುತ್ತೇನೆ ಅನ್ನುವ ಮಾತು ತೆಗೆದುಕೊಂಡರು. ಮೈಕ್ ಶಶೆಫ್‌ಸ್ಕಿ ಕೋಚ್ ಆದರು. 2006ರ ವಿಶ್ವ ಚಾಂಪಿಯನ್‌ಶಿಪ್ ಸೆಮಿಫೈನಲ್‌ನಲ್ಲಿ ಗ್ರೀಸ್ ಎದುರು 95-101, ಮತ್ತೆ ಸೋಲು. ನಮ್ಮ ಕಡೆ ಆಗಿದ್ದರೆ ಕೋಚ್ ಮರುದಿನವೇ ಮನೆಗೆ! ಅವರು ಕೋಚನ್ನೂ ಬಿಡಲಿಲ್ಲ, ಹಿಡಿದ ದಾರಿಯನ್ನೂ ಬಿಡಲಿಲ್ಲ. 2008ರಲ್ಲಿ ಬೀಜಿಂಗ್ ಫೈನಲ್‌ನಲ್ಲಿ ಸ್ಪೇನ್ ಎದುರು 118-107ರಿಂದ ಗೆದ್ದು ಚಿನ್ನ ತಂದರು. 2012, 2016ರಲ್ಲೂ ಚಿನ್ನವೇ.

ಕೋಟಿಗಟ್ಟಲೆ ದುಡಿಯುವವರ ಕಥೆ ನಮಗ್ಯಾಕೆ ಅಂತೀರಾ? ನಮ್ಮಲ್ಲೂ ತಂಡ ಆಗುತ್ತಿದ್ದದ್ದು ಪಂದ್ಯದ ಹಿಂದಿನ ವಾರ. ಎತ್ತರದ ಹುಡುಗಿಯರನ್ನು ಸಾಲಾಗಿ ನಿಲ್ಲಿಸುವುದು, ಜೆರ್ಸಿ ಹಾಕಿ ಕಳಿಸುವುದು. ಯಾರಾದರೂ ಸ್ವಲ್ಪ ಕಲಿತಳು ಅನ್ನುವಷ್ಟರಲ್ಲಿ ಹತ್ತನೇ ಕ್ಲಾಸು ಬರುತ್ತದೆ, ಆಟ ಬಂದ್. ಅದಕ್ಕೇ ಮನೆ ಮನೆಗೆ ಹೋಗಿ ಕೇಳಿದೆ: ಎಂಟರಿಂದ ಹತ್ತರವರೆಗೆ ಮಗಳನ್ನು ಕಳಿಸಬೇಕು, ನಡುವೆ ನಿಲ್ಲಿಸಬಾರದು.

ಒಬ್ಬರು ಚಹಾ ಕಪ್ಪು ಕೆಳಗಿಟ್ಟು ಅಂದರು, “ಮಾರ್ಕ್ಸ್ ಕಡಿಮಿ ಬಂದ್ರ ನಿಮ್ಮನ್ನ ಹಿಡೀತೀನ್ ನೋಡ್ರಿ ಸರ್.” ಒಪ್ಪಿಗೆ ಅಂತ ನಾನು ತಿಳಿದುಕೊಂಡೆ. ಪುಣ್ಯಕ್ಕೆ ಮಾರ್ಕ್ಸ್ ಚೆನ್ನಾಗೇ ಬಂತು, ಬದುಕಿಕೊಂಡೆ. ಎರಡನೇ ವರ್ಷ ಮೊದಲ ಪಂದ್ಯದಲ್ಲೇ ಸೋತೆವು. ಒಂದು ಮನೆಯವರೂ ಮಗಳನ್ನು ಬಿಡಿಸಲಿಲ್ಲ. ಈ ಸಲದ ಕಪ್ಪಿಗಿಂತ ಜಾಸ್ತಿ ಋಣ ನನ್ನ ಮೇಲೆ ಅದರದ್ದೇ ಇದೆ.

ವೆಲ್ಡಿಂಗ್ ಅಂಗಡಿ ಕಾಕಾ, ನಿಮ್ಮದು ಬೇರೆಯೇ ಲೆಕ್ಕ. ಹುಡುಗರು ಜೋತುಬಿದ್ದು ರಿಂಗ್ ಕೆಳಗೆ ವಾಲಿತ್ತು. ನೀವು ಅದನ್ನು ಬಿಚ್ಚಿ ಒಯ್ದು, ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ಬಡಿದು ದುಂಡಗೆ ಮಾಡಿದಿರಿ. ಚೆಂಡು ತೂರಿಸಿ ನೋಡಿದಿರಿ. ಬೋಲ್ಟ್ ಬಿಗಿದ ಮೇಲೆ ಟೇಪ್ ಹಿಡಿದರೆ ಹತ್ತು ಅಡಿಗೆ ಒಂದು ಬೆರಳು ಕಡಿಮೆ. ನಾನು ನಡೆಯುತ್ತೆ ಅಂದೆ. “ಹತ್ತ ಅಂದ್ರ ಹತ್ತ ಇರಬೇಕ್ರಿ” ಅಂತ ಉರಿಬಿಸಿಲಲ್ಲಿ ಮತ್ತೆ ಏಣಿ ಹತ್ತಿದಿರಿ. ಅಲ್ಲಿಯವರೆಗೆ ಈ ಆಟ ನೋಡಿಯೇ ಇರಲಿಲ್ಲ ನೀವು, ಅಲ್ವಾ? ತೆಗೆದುಕೊಂಡದ್ದು ಬೋಲ್ಟಿನ ರೊಕ್ಕ ಮಾತ್ರ.

ಖಾನಾವಳಿ ಅಕ್ಕಾರ, ಪಂದ್ಯದ ದಿನ ನಸುಕಿನಲ್ಲೇ ನಿಮ್ಮ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಗಂಟು ತಯಾರಿರುತ್ತಿತ್ತು. ಮಿರ್ಚಿ ಭಜಿ ಕೇಳಿದರೆ ಮಾತ್ರ “ಆಟ ಮುಗದ ಮ್ಯಾಲ ತಿನ್ನೀರಂತ” ಅಂತ ಗದರಿಸುತ್ತಿದ್ದಿರಿ. ನಿಮ್ಮ ಮಾತು ಕೇಳಿದಷ್ಟು ಹುಡುಗಿಯರು ನನ್ನ ಮಾತು ಕೇಳಲಿಲ್ಲ.

ಮೈದಾನ ಕೊಡಲ್ಲ ಅಂದವರೂ ಇದ್ದರು. ಅವರ ಹೆಸರು ಬೇಡ. ಥ್ಯಾಂಕ್ಸೂ ಇಲ್ಲ.

ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ, 2021ರಲ್ಲಿ, ಕೊಲಾಂಜೆಲೊ ಅವರ ಜಾಗಕ್ಕೆ ಗ್ರಾಂಟ್ ಹಿಲ್ ಬಂದರು. ಹಿಲ್ 1996ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ತಂಡದ ಆಟಗಾರ. ನನ್ನ ಜಾಗಕ್ಕೆ ಬರುವವಳೂ ಇದೇ ಸಿಮೆಂಟ್ ಕೋರ್ಟಿನಲ್ಲಿ ಮಂಡಿ ಕೆತ್ತಿಸಿಕೊಂಡ ಹುಡುಗಿ. ಬಿ.ಪಿ.ಎಡ್ ಮುಗಿಸಿದ್ದಾಳೆ. ಚೆಂಡಿನ ಚೀಲ, ಪಂಪು, ಕೋಣೆಯ ಕೀಲಿ ಅವಳಿಗೆ ಕೊಟ್ಟಾಗಿದೆ. ಜೂನ್‌ನಲ್ಲಿ ಎಂಟನೇ ಕ್ಲಾಸಿನ ಮಕ್ಕಳ ಮನೆಗೆ ಅವಳೇ ಬರುತ್ತಾಳೆ, ಮೂರು ವರ್ಷ ಕೇಳುತ್ತಾಳೆ. ಚಹಾ ಕೊಡಿ. ಸಕ್ಕರೆ ಸ್ವಲ್ಪ ಕಡಿಮೆ ಹಾಕಿ.