ಭಾನುವಾರಕ್ಕೆ ಮೊದಲು: 2147483647 ಬಗ್ಗೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಕೊಪ್ಪಳದ ಗವಿಮಠದ ಹತ್ತಿರ ಸೇರುತ್ತೇವಲ್ಲ, ಅವತ್ತಿನ ಸಂಖ್ಯೆ 2147483647. ಅಂದರೆ 2ರ 31ನೇ ಘಾತದಲ್ಲಿ 1 ಕಳೆದದ್ದು. ಇದು ಅವಿಭಾಜ್ಯ ಅಂತ ಗಣಿತಜ್ಞ ಆಯ್ಲರ್ 1772ರಲ್ಲಿ ಕೈಲೆಕ್ಕದಲ್ಲೇ ತೋರಿಸಿದರು.

ಹೀಗೆ 2ರ ಘಾತದಲ್ಲಿ 1 ಕಳೆಯುವಾಗ "ಘಾತ ಅವಿಭಾಜ್ಯ ಆದರೆ ಸಾಕು, ಉತ್ತರವೂ ಅವಿಭಾಜ್ಯ" ಅನ್ನುವ ಸಂದೇಶ ಗುಂಪಿನಲ್ಲಿ ಓಡಾಡುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ, ಅದು ತಪ್ಪು. ಘಾತ 11 ತಗೊಳ್ಳಿ. 2047 ಬರುತ್ತದೆ, ಅದು 23 × 89. ಈ ಎರಡನ್ನೂ 22ರಿಂದ ಭಾಗಿಸಿ ನೋಡಿ, ಶೇಷ 1. ಆ 22 ಎಲ್ಲಿಂದ ಬಂತು? 11ರ ಎರಡರಷ್ಟು, ಅಲ್ವಾ? ಸುಮ್ನೆ ಹಾಗೆ ಆದದ್ದಲ್ಲ, ಇದು ನಿಯಮ.

ಹಾಗೇ ನಮ್ಮ ಸಂಖ್ಯೆಗೆ ಭಾಜಕ ಇದ್ದರೆ, 62ರಿಂದ (31ರ ಎರಡರಷ್ಟು) ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಇನ್ನೊಂದು ನಿಯಮವೂ ಇದೆ, 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಭಾಜಕಗಳನ್ನು ವರ್ಗಮೂಲದವರೆಗೆ ಹುಡುಕಿದರೆ ಸಾಕು, ಅದು 46340ರ ಆಸುಪಾಸು. ಅಷ್ಟರೊಳಗೆ ಅವಿಭಾಜ್ಯಗಳು ನಾಲ್ಕು ಸಾವಿರಕ್ಕೂ ಜಾಸ್ತಿ ಇವೆ, ಆದರೆ ಈ ಎರಡೂ ಷರತ್ತು ದಾಟುವವು ನೂರೂ ಇಲ್ಲ! ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಕಂಪ್ಯೂಟರ್ ಕಲಿಯುವವರಿಗೆ ಇದು ಹಳೆಯ ಪರಿಚಯ, ಧನ, ಋಣ ಎರಡನ್ನೂ ಹಿಡಿಯುವ (signed) 32 ಬಿಟ್ ಪೂರ್ಣಾಂಕದ ಮೇಲಿನ ಮಿತಿ.

ನೋಟ್‌ಬುಕ್ ತನ್ನಿ. ಘಾತ 23ರ ಸಂಖ್ಯೆ 8388607, ಅದರ ಭಾಜಕ ಹುಡುಕಿಕೊಂಡು ಬನ್ನಿ.