ರಾಜಕುಮಾರಿ ಚಾಕಲೇಟ್ ತಿಂದು ಸತ್ತಳು

ಮಾನ್ಯ ಸಂಪಾದಕರೇ,

ಮಕ್ಕಳು ಮತ್ತು ವಿಡಿಯೊ ಗೇಮ್ ಬಗ್ಗೆ ಪತ್ರಿಕೆಗಳಲ್ಲಿ ಏನೇ ಬರಲಿ, ಪಕ್ಕದಲ್ಲಿ ಬಂದೂಕು ಹಿಡಿದವನ ಚಿತ್ರ ಒಂದು ಇದ್ದೇ ಇರುತ್ತದೆ. ಗೇಮ್ ಅಂದರೆ ಢಂ ಢಂ ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ಈ ರಜೆಯಲ್ಲಿ ಮಗಳು ಪಕ್ಕದಲ್ಲಿ ಕೂರಿಸಿಕೊಂಡು ‘ಲಾಂಗ್ ಲಿವ್ ದ ಕ್ವೀನ್’ ಆಡಿಸಿದಳು. 2012ರಲ್ಲಿ ಹನಾಕೊ ಗೇಮ್ಸ್ ಎಂಬ ಸಣ್ಣ ಕಂಪನಿ ತಂದ ಆಟ ಇದು.

ಎಲೋಡಿ ಅಂತ ಒಬ್ಬಳು ಹುಡುಗಿ, ವಯಸ್ಸು 14. ತಾಯಿ ನೋವಾ ರಾಜ್ಯದ ರಾಣಿ, ತೀರಿಕೊಂಡಿದ್ದಾಳೆ. ಬೋರ್ಡಿಂಗ್ ಶಾಲೆಯಲ್ಲಿದ್ದ ಮಗಳು ಅರಮನೆಗೆ ವಾಪಸ್ ಬಂದಿದ್ದಾಳೆ. 15 ತುಂಬಿದಾಗ ಪಟ್ಟಾಭಿಷೇಕ. ಅಲ್ಲಿಯವರೆಗೆ 40 ವಾರ ಅವಳನ್ನು ಬದುಕಿಸಿಕೊಂಡು ತಯಾರು ಮಾಡೋದು ನಮ್ಮ ಕೆಲಸ. ವಾರಕ್ಕೆ ಎರಡು ಪಾಠ ಆರಿಸಬೇಕು. ಇತಿಹಾಸ, ಲೆಕ್ಕಪತ್ರ, ಕತ್ತಿವರಸೆ, ಗಿಡಮೂಲಿಕೆ, ಸಂಗೀತ, ಕೊನೆಗೆ ನಾಯಿ ಪಳಗಿಸುವುದೂ ಸೇರಿ 40ಕ್ಕೂ ಜಾಸ್ತಿ ವಿಷಯಗಳಿವೆ.

ನಾನು ಟ್ಯೂಷನ್ ಟೈಮ್‌ಟೇಬಲ್ ಹಾಕುವ ಅಪ್ಪ. ಬೆಳಿಗ್ಗೆ ಇತಿಹಾಸ, ಸಂಜೆ ಲೆಕ್ಕಪತ್ರ, ವಾರದ ಮೇಲೆ ವಾರ ಅದೇ. ನೋಡಿದರೆ ಹುಡುಗಿಯ ತಲೆಗೆ ಪಾಠ ಸರಿಯಾಗಿ ಹತ್ತುತ್ತಲೇ ಇಲ್ಲ. “ಅಪ್ಪಾ, ಅವಳ ಮೂಡ್ ನೋಡಲೇ ಇಲ್ವಲ್ಲ” ಅಂದಳು ಮಗಳು. ಆಟದ ಗುಟ್ಟೇ ಅದು: ದುಃಖ, ಭಯ, ಕೋಪ, ಒಂಟಿತನ ಎಲ್ಲಕ್ಕೂ ಲೆಕ್ಕ ಇದೆ, ಒಂದು ಮನಸ್ಥಿತಿಯಲ್ಲಿ ಚೆನ್ನಾಗಿ ಹಿಡಿಯುವ ವಿಷಯ ಇನ್ನೊಂದರಲ್ಲಿ ಹಿಡಿಯುವುದಿಲ್ಲ. ವಾರದ ಕೊನೆಗೆ ತೋಟದಲ್ಲಿ ಸುತ್ತಾಡಲು ಬಿಡಬೇಕು, ಆಟಿಕೆ ಕೊಡಬೇಕು, ಅಪ್ಪನ ಜೊತೆ ಮಾತಾಡಿಸಬೇಕು. ನಾನು ಅದನ್ನೆಲ್ಲ ಟೈಮ್ ವೇಸ್ಟ್ ಅಂತ ಬಿಟ್ಟಿದ್ದೆ. ಅಷ್ಟರಲ್ಲಿ ಉಡುಗೊರೆಯಾಗಿ ಒಂದು ಡಬ್ಬಿ ಚಾಕಲೇಟ್ ಬಂತು. ತಿಂದಳು, ಸತ್ತಳು. ವಿಷದ ಬಗ್ಗೆ ಒಂದಕ್ಷರ ಕಲಿಸಿರಲಿಲ್ಲ, ಅಷ್ಟೂ ವಾರದ ಲೆಕ್ಕಪತ್ರ ನೀರಲ್ಲಿ ಹೋಮ. ಯಾವ ವಿದ್ಯೆ ಸಾಲದೆ ಏನು ಕೆಟ್ಟಿತು ಅಂತ ಪರದೆ ಮೇಲೇ ತೋರಿಸುತ್ತದೆ ಬೇರೆ, ಉತ್ತರಪತ್ರಿಕೆ ಕೈಗೆ ಕೊಟ್ಟ ಹಾಗೆ!

ಈ ಜಾತಿಯ ಆಟ ಹೊಸದೇನಲ್ಲ. ಜಪಾನಿನ ಗೈನಾಕ್ಸ್ 1991ರಲ್ಲೇ ‘ಪ್ರಿನ್ಸೆಸ್ ಮೇಕರ್’ ತಂದಿತ್ತು. ಅದರಲ್ಲಿ 10 ವರ್ಷದ ಅನಾಥ ಹುಡುಗಿಯನ್ನು 18ರವರೆಗೆ ಬೆಳೆಸಬೇಕು.

ಆಡುವಾಗ ನನಗೆ ನಮ್ಮ ನಾಲ್ವಡಿಯವರು ನೆನಪಾದರು. ಮೈಸೂರಿನವನಿಗೆ ಇನ್ಯಾರು ನೆನಪಾಗಬೇಕು ಹೇಳಿ. 1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಗನಿಗೆ ಬರೀ 10 ವರ್ಷ. ಇಲ್ಲಿ ತಾಯಿ ಇಲ್ಲ, ಅಲ್ಲಿ ತಂದೆ ಇಲ್ಲ. 1902ರಲ್ಲಿ ಮಗ ಅಧಿಕಾರ ವಹಿಸಿಕೊಳ್ಳುವ ತನಕ ರಾಜ್ಯಭಾರ ನೋಡಿಕೊಂಡವರು ತಾಯಿ ವಾಣಿವಿಲಾಸ ಸನ್ನಿಧಾನದವರು. ಅಷ್ಟು ವರ್ಷ ಆ ಹುಡುಗನ ಮೂಡ್ ಯಾರು ನೋಡಿದರೋ ಅಂತ ಮಗಳು ಕೇಳಿದಳು. ಅರಮನೆ ಮುಂದೆ ನೂರು ಸಲ ಓಡಾಡಿದ್ದೇನೆ, ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಶುಕ್ರವಾರ ಬಂದರೆ ಸಿನಿಮಾಗೆ ಪುಟಗಟ್ಟಲೆ ಜಾಗ ಕೊಡುತ್ತೀರಿ. ವಾರಕ್ಕೊಂದು ಗೇಮ್‌ಗೆ ಅರ್ಧ ಕಾಲಂ ಕೊಡಬಾರದೇ? ಯಾರು ಮಾಡಿದ್ದು, ಯಾವ ವಯಸ್ಸಿನವರು ಆಡಬಹುದು, ಒಳಗೆ ಏನಿದೆ, ಇಷ್ಟು ಬರೆದರೂ ಸಾಕು. ಈ ಆಟವನ್ನೂ ನಾನು ಕಣ್ಣು ಮುಚ್ಚಿ ಹೊಗಳುತ್ತಿಲ್ಲ. ಗುಲಾಬಿ ಬಣ್ಣ, ಮುದ್ದು ಮುಖ ನೋಡಿ ಪುಟ್ಟ ಮಕ್ಕಳ ಕೈಗೆ ಕೊಟ್ಟುಬಿಟ್ಟೀರಿ, ಒಳಗೆ ಕೊಲೆ, ಸಂಚು, ಯುದ್ಧ ಎಲ್ಲಾ ಇದೆ. ಜೊತೆಗೆ ಇದು ಪೂರ್ತಿ ಓದಿಕೊಂಡು ಆಡುವ ಆಟ, ನಾವು ಆಡಿದ್ದು ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನಲ್ಲಿ ಓದುವ ನನ್ನ ತಮ್ಮನ ಮಗ ಪಕ್ಕದಲ್ಲಿ ಕೂತು “ಏನಂತೆ, ಏನಂತೆ” ಅಂತ ಕೇಳುತ್ತಲೇ ಇದ್ದ. ಪ್ರತಿ ಸಾಲನ್ನೂ ಮಗಳೇ ಕನ್ನಡ ಮಾಡಿ ಹೇಳಬೇಕಾಯಿತು.

ನಾಲ್ಕನೇ ಸಲ ಶುರು ಮಾಡಿ 31ನೇ ವಾರಕ್ಕೆ ಬಂದಿದ್ದೇವೆ. ಇನ್ನೂ ಬದುಕಿದ್ದಾಳೆ.

ಇಂತಿ,
ನಿಮ್ಮ ಓದುಗ, ಮೈಸೂರು